ಮೂರು ಬಾಗಿಲಿನ ಹೆಪ್ಪು

ಇದನ್ನು ನೀವು ನಂಬುವುದಿಲ್ಲ. ನನಗೇನೂ ಬೇಸರವಿಲ್ಲ. ನಮ್ಮ ದಾದಿ ಪಕ್ಕದಲ್ಲೇ ಕೂತು ಕಣ್ಣಾರೆ ನೋಡಿದವರು, ಅವರೇ ಇನ್ನೂ ನಂಬಿಲ್ಲ. ಸಮುದ್ರದ ಆಚೆ ಮರಳುಗಾಡಿನಲ್ಲಿರುವ ಒಂದು ಊರಿನಲ್ಲಿ ಯಾವ ಓಣಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಾವು ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತೀರ್ಮಾನ ಮಾಡಿದೆವು. ಅದೂ ಯಾವುದರ ಮೇಲೆ? ಒಂದು ಬಟ್ಟಲು ಹೆಪ್ಪಿನ ಮೇಲೆ. ಹಾಲಿಗೆ ಹಾಕುತ್ತಾರಲ್ಲ, ಮೊಸರಾಗಲಿ ಎಂದು, ಅದೇ ಹೆಪ್ಪು.

ಮೊದಲು ಮನೆಯವರನ್ನು ಹೇಳಿಬಿಡುತ್ತೇನೆ. ನಮ್ಮ ಅಬ್ಬಾ ಮೊದಲು ಶಹಾಪುರದಲ್ಲೇ ಕೂಲರ್, ಫ್ರಿಜ್ ರಿಪೇರಿ ಮಾಡುತ್ತಿದ್ದರು. ನನ್ನ ತಮ್ಮ ಹುಟ್ಟಿದ ವರ್ಷ ಆ ಮರಳುಗಾಡಿನ ಊರಿಗೆ ಎ.ಸಿ. ಮೆಕ್ಯಾನಿಕ್ ಆಗಿ ಹೋದರು. ನಮ್ಮ ಅಬ್ಬಾ ಒಂದು ವಾರ ರಜೆ ಹಾಕಿದರೆ ಆ ದೇಶ ಕರಗಿ ಹರಿದು ಹೋಗುತ್ತದೆ ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ. ಅರ್ಧ ಕ್ಲಾಸು ನಂಬಿದೆ. ತಮ್ಮನಿಗೆ ಈಗ ಆರು ವರ್ಷ. ಅವನ ಲೆಕ್ಕದಲ್ಲಿ ಅಬ್ಬಾ ಎಂದರೆ ಅಂಗೈ ಉದ್ದದ ಮನುಷ್ಯ, ಫೋನಿನಲ್ಲಿ ಇರುತ್ತಾರೆ. ರಜೆಗೆ ಬಂದಾಗ ಪೂರ್ತಿ ಉದ್ದದ ಅಬ್ಬಾನನ್ನು ನೋಡಿ ಎರಡು ದಿನ ದಾದಿಯ ಬೆನ್ನ ಹಿಂದೆ ಅಡಗಿದ್ದ. ದಾದಿ ಎಂದರೆ ಅಬ್ಬಾನ ಅಮ್ಮ. ಉಳಿದವರು ಅಮ್ಮಿ. ಅವರ ಬಗ್ಗೆ ಮುಂದೆ ಬೇಕಾದಷ್ಟು ಬರುತ್ತದೆ, ಅವರು ಬಿಟ್ಟರೂ ಬರುತ್ತದೆ, ಬಿಡದಿದ್ದರೂ ಬರುತ್ತದೆ. ಮನೆಯಲ್ಲಿ ನಮ್ಮದು ದಖನಿ ಉರ್ದು, ಬಾಗಿಲು ದಾಟಿದರೆ ಕನ್ನಡ. ಇಲ್ಲಿ ಎಲ್ಲರನ್ನೂ ಕನ್ನಡದಲ್ಲೇ ಮಾತಾಡಿಸಿದ್ದೇನೆ. ಯಾರೂ ತಕರಾರು ಮಾಡಿಲ್ಲ.

ನಾನು ಎಂಟನೇ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದಾಗ ಅಬ್ಬಾಗೆ ಕಂಪನಿಯವರು ಫ್ಯಾಮಿಲಿ ವೀಸಾ ಕೊಟ್ಟರು. ಅಮ್ಮಿ, ನಾನು, ತಮ್ಮ ಮೂವರೂ ಹೋಗುವುದು, ದಾದಿ ನಮ್ಮ ಮನೆಯ ಆ ಕಡೆಯ ಅರ್ಧದಲ್ಲಿರುವ ಅಬ್ಬಾನ ತಮ್ಮ ಚಾಚಾನ ಜೊತೆ ಇರುವುದು ಎಂದಾಯಿತು. ಮನೆ, ಶಾಲೆ ಎರಡನ್ನೂ ಏಪ್ರಿಲ್ ಒಳಗೆ ಹಿಡಿಯಬೇಕಿತ್ತು. ಅಲ್ಲಿ ಎರಡು ಓಣಿಗಳು ನಮ್ಮ ಲೆಕ್ಕಕ್ಕೆ ಬಂದವು. ಒಂದು ಹಳೇ ಬಜಾರಿನ ಹಿಂದೆ. ಅಲ್ಲಿ ಬೀದರ್, ಕಲಬುರಗಿ, ಹೈದರಾಬಾದ್ ಕಡೆಯ ಮಂದಿ ತುಂಬಿದ್ದಾರೆ. ಇನ್ನೊಂದು ಊರಿನ ಅಂಚಿನಲ್ಲಿ ಹೊಸದಾಗಿ ಎದ್ದ ಬಡಾವಣೆ. ಬಿಳೀ ಬಿಳೀ ಕಟ್ಟಡಗಳು, ಅಗಲವಾದ ರಸ್ತೆ, ಒಂದು ನರಪಿಳ್ಳೆ ಇಲ್ಲ.

ತಮ್ಮನಿಗೆ ಒಂದನೇ ಕ್ಲಾಸು ಎಲ್ಲಿ ಬೇಕಾದರೂ ಸಿಗುತ್ತಿತ್ತು. ತೊಂದರೆ ಇದ್ದದ್ದು ನನ್ನದು. ಬಜಾರಿನ ಹತ್ತಿರದ ಇಂಡಿಯನ್ ಶಾಲೆಯಲ್ಲಿ ಹುಡುಗಿಯರ ಒಂಬತ್ತನೇ ಕ್ಲಾಸು ಭರ್ತಿಯಾಗಿತ್ತು. ಹೊಸ ಬಡಾವಣೆಯ ಹತ್ತಿರದ ಶಾಲೆಯಲ್ಲಿ ಸೀಟು ಇತ್ತು, ಆದರೆ ಅದರ ಬಸ್ಸು ಬಜಾರಿನವರೆಗೆ ಬರುತ್ತಿರಲಿಲ್ಲ. ಹೀಗಾಗಿ ಲೆಕ್ಕ ಸಣ್ಣ ಮಕ್ಕಳಿಗೂ ಅರ್ಥವಾಗುವಂತಿತ್ತು. ಅಮ್ಮಿ ಹೊಸ ಬಡಾವಣೆಗೆ ಹೂಂ ಎಂದರೆ ನಾಲ್ವರೂ ಒಟ್ಟಿಗೆ. ಬಜಾರಿಗೆ ಹೂಂ ಎಂದರೆ ಅವರು ಮೂವರು ಅಲ್ಲಿ, ನಾನು ಹತ್ತನೇ ಕ್ಲಾಸು ಮುಗಿಯುವವರೆಗೆ ಎರಡು ವರ್ಷ ಸುರಪುರದಲ್ಲಿ ಅಮ್ಮಿಯ ಅಮ್ಮ ನಾನಿಯ ಮನೆಯಲ್ಲಿ. ನಾನಿ ಒಳ್ಳೆಯವರು. ಆದರೆ ನಾನಿಯ ಮನೆಯಲ್ಲಿ ರಾತ್ರಿಯ ಇಶಾ ನಮಾಜು ಮುಗಿದ ಕೂಡಲೇ ಲೈಟು, ಟಿ.ವಿ., ಮಾತು ಮೂರೂ ಒಂದೇ ಸ್ವಿಚ್ಚಿನಲ್ಲಿ ಆರುತ್ತವೆ.

ಇದು ಬರೀ ಟಿ.ವಿ. ಮಾತು ಅಂದುಕೊಂಡರೆ ಹಾಗೇ ಅಂದುಕೊಳ್ಳಿ. ನಾನು ಗೆಳತಿಯರಿಗೆ ಹೇಳಿದ್ದೂ ಅಷ್ಟೇ.

ಅಮ್ಮಿಯ ಕಷ್ಟ ಬೇರೆ ಇತ್ತು. ತಮ್ಮನಿಗೆ ಉಬ್ಬಸ. ಧೂಳು ಎದ್ದರೆ ಸಾಕು, ಎದೆಯಲ್ಲಿ ಯಾರೋ ಪೀಪಿ ಊದಿದ ಹಾಗೆ ಆಗುತ್ತದೆ. ಹೋದ ವರ್ಷ ಒಂದು ಮಧ್ಯಾಹ್ನ ಹಾಗೆ ಆದಾಗ ಎದುರು ಮನೆಯ ಅಕ್ಕ ಕೈಯಲ್ಲಿನ ರೊಟ್ಟಿ ಹಿಟ್ಟು ಸಹ ತೊಳೆಯದೆ ಓಡಿ ಬಂದು ಅವನನ್ನು ಎತ್ತಿಕೊಂಡು ಆಟೋ ಹತ್ತಿದ್ದಳು. ತಮ್ಮನ ಅಂಗಿಯ ಮೇಲೆ ಐದು ಬೆರಳು ಜೋಳದ ಹಿಟ್ಟಿನಲ್ಲಿ ಮೂಡಿದ್ದವು. ಅಬ್ಬಾ ಅಲ್ಲಿ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಾರೆ. ಮರಳಿನ ಗಾಳಿ ಎದ್ದ ದಿನ ಅಮ್ಮಿ ಯಾರ ಬಾಗಿಲು ಬಡಿಯಬೇಕು?

ಇದಕ್ಕೆ ಅಮ್ಮಿಯ ಹತ್ತಿರ ಒಂದು ಪರೀಕ್ಷೆ ಇದೆ. ಅವರ ತವರಿನ ಹೆಂಗಸರೆಲ್ಲ ಇದನ್ನೇ ಮಾಡುತ್ತಾ ಬಂದವರು. ಹೊಸ ಓಣಿಯಲ್ಲಿ ಮನೆ ಹಿಡಿಯುವ ಮೊದಲು ಅಲ್ಲಿನ ಮೂರು ಮನೆಗೆ ಹೋಗಿ ಹೆಪ್ಪು ಕೇಳಬೇಕು. ದುಡ್ಡು ಕೇಳಿದರೆ ಯಾರಾದರೂ ಹಿಂದೆ ಸರಿಯುತ್ತಾರೆ. ನೀರು ಕೇಳಿದರೆ ಯಾರಾದರೂ ಕೊಡುತ್ತಾರೆ. ಹೆಪ್ಪು ಹಾಗಲ್ಲ. ಬಾಗಿಲು ತೆಗೆಯಬೇಕು, ಒಳಗೆ ಹೋಗಬೇಕು, ಬಟ್ಟಲು ಹುಡುಕಬೇಕು, ಮತ್ತೆ ಹೊರಗೆ ಬರಬೇಕು. ಗುರುತಿಲ್ಲದವರಿಗೆ ಅಷ್ಟು ಮಾಡುವ ಮನೆ ಮೂರಿದ್ದರೆ ಆ ಓಣಿಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಇರಬಹುದು. ಶಹಾಪುರದ ಈ ಮನೆಯನ್ನು ಹಿಡಿದದ್ದೂ ಹಾಗೆಯೇ. ಹಿಟ್ಟಿನ ಕೈಯ ಅಕ್ಕ ಅಂದು ಹೆಪ್ಪು ಕೊಟ್ಟ ಎರಡನೇ ಮನೆಯವಳು. ಅದಕ್ಕೂ ಮೊದಲು ಯಾದಗಿರಿಯಲ್ಲಿ ಒಂದು ಮನೆ ನೋಡಿದ್ದರಂತೆ. ನಲ್ಲಿಯಲ್ಲಿ ದಿನಾ ನೀರು, ಮೇಲೆ ಎರಡು ರೂಮು, ಸ್ಟೇಷನ್ ಹತ್ತಿರ. ಪಕ್ಕದ ಮನೆಯವರು ಕಿಟಕಿಯಿಂದಲೇ, "ಅಂಗಡ್ಯಾಗ ಪಾಕೀಟ ಸಿಗ್ತದ ನೋಡ್ರಿ" ಎಂದರಂತೆ. ಅಮ್ಮಿ ಚಪ್ಪಲಿ ಸಹ ಬಿಚ್ಚದೆ ವಾಪಸ್ಸು ಬಂದರು.

ಅಬ್ಬಾಗೆ ಶುಕ್ರವಾರ ರಜೆ. ಮೊದಲ ಶುಕ್ರವಾರ ವಿಡಿಯೋ ಕಾಲ್ ಮಾಡಿ ಬಜಾರಿನ ಓಣಿ ತೋರಿಸಿದರು. ಫೋನು ಹಿಡಿಯುವುದು ನನ್ನ ಕೆಲಸ. ದಾದಿ ಕನ್ನಡಕ ಹಾಕಿಕೊಂಡು ನನ್ನ ಹೆಗಲ ಮೇಲಿಂದ ಬಗ್ಗಿದ್ದರು. ಆ ಓಣಿಯ ಸದ್ದು ಕೇಳಿ ನಮ್ಮ ಕೋಳಿ ಎದ್ದು ಹೊರಗೆ ಹೋಯಿತು. ಅಷ್ಟು ಮಂದಿ, ಅಷ್ಟು ಹಾರ್ನು. ಅಬ್ಬಾ ಮೊದಲ ಮನೆಯಲ್ಲಿ ಕೇಳಿದ್ದೇ ತಡ ಹೆಪ್ಪು ಬಂತು. ಎರಡನೇ ಮನೆಯವರು ಹೆಪ್ಪಿನ ಜೊತೆ ಚಹಾ ಕೊಟ್ಟರು. ಮೂರನೇ ಮನೆಗೆ ಹೋಗುವ ಮೊದಲೇ ಐದನೇ ಮನೆಯವರು ಕರೆದು, "ನಮ್ಮ ಮನ್ಯಾಗ ಯಾಕ ಕೇಳಲಿಲ್ಲ?" ಎಂದು ಜಗಳಕ್ಕೆ ನಿಂತರು. ಅಬ್ಬಾ ಕೊನೆಗೆ ಮೊಸರಿನ ಅಂಗಡಿ ಇಡುವಷ್ಟು ಬಟ್ಟಲು ಹಿಡಿದು ಬೀದಿಯಲ್ಲಿ ನಿಂತಿದ್ದರು.

ಅಮ್ಮಿಯ ಮುಖ ಅರಳಿತು. "ಇಲ್ಲಿ ಜೀವಾ ಗಟ್ಟಿ ಇರ್ತದ್ರಿ," ಎಂದರು.

"ಮಗಳು?" ಎಂದರು ಅಬ್ಬಾ.

ಅಮ್ಮಿ ನನ್ನ ಜಡೆಯಲ್ಲಿನ ರಿಬ್ಬನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

ಮುಂದಿನ ಶುಕ್ರವಾರ ಹೊಸ ಬಡಾವಣೆಯ ಸರದಿ. ನಮಗೆ ಸಂಜೆ ಐದು, ಅವರಿಗೆ ಮಧ್ಯಾಹ್ನ ಎರಡೂವರೆ. ಬೀದಿಯಲ್ಲಿ ಬೆಕ್ಕು ಸಹ ಇರಲಿಲ್ಲ. ಅಬ್ಬಾ ಒಂದು ಕಟ್ಟಡದೊಳಗೆ ಹೋಗಿ ಮೊದಲ ಬಾಗಿಲಿನ ಗಂಟೆ ಒತ್ತಿದರು. ಯಾರೂ ಬರಲಿಲ್ಲ. ಎರಡನೆಯದು ಒತ್ತಿದರು. ಬಾಗಿಲ ಕಣ್ಣಿನಲ್ಲಿ ಏನೋ ಕತ್ತಲಾಯಿತು, ಮತ್ತೆ ಬೆಳಕಾಯಿತು, ಅಷ್ಟೇ. ಮೂರನೆಯದು ಒತ್ತುವ ಮೊದಲೇ ವಾಚ್‌ಮನ್ ಬಂದ. ಆಮೇಲೆ ನಮಗೆ ಕಂಡದ್ದು ಇಷ್ಟು: ಒಂದು ದೊಡ್ಡ ಮೀಸೆ, ಮೆಟ್ಟಿಲು, ಅಬ್ಬಾನ ಬೂಟು, ಆಕಾಶ. ಅದು ಸಂಸಾರಸ್ಥರು ಇರುವ ಕಟ್ಟಡ, ಒಂಟಿ ಗಂಡಸರು ಬಾಗಿಲು ಬಡಿಯುತ್ತಾ ಓಡಾಡುವ ಹಾಗಿಲ್ಲ ಎಂದು ವಾಚ್‌ಮನ್ ಹಿಂದಿಯಲ್ಲಿ ಹೇಳುತ್ತಿದ್ದ. "ಏನು ಬೇಕಾಗಿತ್ತು?" ಎಂದು ಅವನು ಕೇಳಿದ. "ದಹೀ," ಎಂದರು ಅಬ್ಬಾ, ಕೈಯಲ್ಲಿ ಖಾಲಿ ಬಟ್ಟಲು ಹಿಡಿದುಕೊಂಡು. ವಾಚ್‌ಮನ್ ಕೈ ಚಾಚಿ ಎದುರಿನ ಸೂಪರ್ ಮಾರ್ಕೆಟ್ ತೋರಿಸಿದ. ನಮ್ಮ ಹಳೇ ಬಸ್‌ಸ್ಟ್ಯಾಂಡಿಗಿಂತ ದೊಡ್ಡದು. ಅದರ ಗಾಜಿನ ಮೇಲೆಯೇ ಆಳೆತ್ತರದ ಮೊಸರಿನ ಡಬ್ಬಿಯ ಚಿತ್ರ ಇತ್ತು.

ದಾದಿ ನಕ್ಕು ನಕ್ಕು ಎಲೆ ಅಡಿಕೆ ಉಗುಳಿದರು. ಅಮ್ಮಿ ನಗಲಿಲ್ಲ.

"ಮುಗೀತು," ಎಂದರು. "ಹೆಪ್ಪ ಕೇಳಿದರ ಕಳ್ಳನ್ನ ಹಿಡದಂಗ ಹಿಡೀತಾರ. ನಾಳಿ ಹುಡುಗನ ಉಸಿರು ನಿಂತರ ಬಾಗಿಲು ತಗೀತಾರೇನು?"

"ಅಮ್ಮಿ, ಎಲ್ಲರೂ ಮಲಗ್ಯಾರ," ಎಂದೆ. "ಶುಕ್ರವಾರ ಊಟ ಆದ ಮ್ಯಾಲ ಯಾರ ಎದ್ದಿರ್ತಾರ? ನೀನ ಹೇಳು."

ಸಹಾಯಕ್ಕೆ ದಾದಿ ಬಂದರು. "ಹೌದು. ಬ್ಯಾಸಗ್ಯಾಗ ಮಧ್ಯಾನ ಎರಡೂವರಿಗಿ ನನ್ನ ಬಾಗಿಲಿಗಿ ಬಂದು ಯಾರರೇ ಹೆಪ್ಪ ಕೇಳಿದ್ರ ನಾ ಚಪ್ಪಲ ಒಗೀತೀನಿ. ಇನ್ನೊಂದು ಸಲ ನೋಡ್ರಿ. ಹೊತ್ತು ನೋಡಿ ಹೋಗ್ಬೇಕು."

ಹಿರಿಯರ ಮಾತು. ಅಮ್ಮಿ ಒಪ್ಪಿದರು. ನನಗೆ ಇನ್ನೊಂದು ಶುಕ್ರವಾರ ಸಿಕ್ಕಿತು.

ಆ ನಡುವೆ ಶಾಲೆಯ ಪರೀಕ್ಷೆ ಬಂತು. ಹೊಸ ಬಡಾವಣೆಯ ಶಾಲೆಯವರು ಆನ್‌ಲೈನಿನಲ್ಲಿ ಇಂಗ್ಲಿಷ್, ಗಣಿತ, ಹಿಂದಿ ಪರೀಕ್ಷೆ ಮಾಡಿದರು. ಶಹಾಪುರದ ಒಂದು ಝೆರಾಕ್ಸ್ ಅಂಗಡಿಯವನು ಅಬ್ಬಾನ ಹೆಸರಲ್ಲಿ ಮೇಲ್ ಐಡಿ ಮಾಡಿ, ಫಾರ್ಮು ತುಂಬಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅಮ್ಮಿಗೆ ಕೊಟ್ಟಿದ್ದ. ಇಂಗ್ಲಿಷಿನಲ್ಲಿ ಪ್ರಬಂಧ: ನಿಮ್ಮ ಊರು. ನಾನು ಶಹಾಪುರದ ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡದ ಬಗ್ಗೆ ಎರಡು ಪುಟ ಬರೆದೆ. ನಮ್ಮೂರಿನ ಬಿಸಿಲಿಗೆ ಗುಡ್ಡಗಳೂ ಮಧ್ಯಾಹ್ನ ಮಲಗುತ್ತವೆ ಎಂದು ಬರೆದೆ. ನನಗೆ ಅದು ಬಹಳ ಚೆನ್ನಾಗಿ ಕಂಡಿತು. ಗಣಿತ ಶುರುವಾದಾಗ ಕರೆಂಟು ಹೋಯಿತು. ಪರೀಕ್ಷೆ ಮುಗಿದ ಮೇಲೆಯೇ ಬಂತು ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಕರೆಂಟು ಹೋದದ್ದು ಕೊನೆಯ ಎರಡೇ ನಿಮಿಷ. ಅದಕ್ಕೆ ಮೊದಲಿನ ನಲವತ್ತು ನಿಮಿಷ ಕರೆಂಟು ಇತ್ತು, ನಾನಿದ್ದೆ, ಲೆಕ್ಕಗಳೂ ಇದ್ದವು. ನಮಗೆ ಒಬ್ಬರಿಗೊಬ್ಬರ ಗುರುತು ಹತ್ತಲಿಲ್ಲ.

ಬುಧವಾರ ಮೇಲ್ ಬಂತು. ಫೋನು ನನ್ನ ಕೈಯಲ್ಲೇ ಇದ್ದದ್ದರಿಂದ ಮೊದಲು ಓದಿದ್ದು ನಾನು. ವಿದ್ಯಾರ್ಥಿನಿಯ ಗಣಿತ, ಹಿಂದಿ ಒಂಬತ್ತನೇ ತರಗತಿಗೆ ಸಾಲದು, ಎಂಟನೇ ತರಗತಿಗೆ ಸೇರಿಸಿಕೊಳ್ಳಬಹುದು, ಒಪ್ಪಿಗೆ ಇದ್ದರೆ ಭಾನುವಾರದೊಳಗೆ ಉತ್ತರಿಸಿ, ಮನೆ ವಿಳಾಸ ಕಳಿಸಿ ಎಂದಿತ್ತು.

ಎಂಟನೇ ಕ್ಲಾಸು. ನಾನು ಆಗಷ್ಟೇ ಮುಗಿಸಿದ ಎಂಟನೇ ಕ್ಲಾಸು. ಎಲ್ಲರಿಗೂ ಫಾರಿನ್ನಿಗೆ ಹೋಗುತ್ತೇನೆ ಎಂದು ಹೇಳಿ, ಬೆಂಚಿನ ಮೇಲೆ ವಿಮಾನದ ಚಿತ್ರ ಕೆತ್ತಿ ಬಂದಿದ್ದ ಎಂಟನೇ ಕ್ಲಾಸು.

ಅವಮಾನ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಮ್ಮಿಗೆ ಈ ಮೇಲ್ ಕಂಡರೆ ಏನು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು: ಒಂದು ವರ್ಷ ಯಾಕ ಹಾಳ ಮಾಡ್ತಿ, ಸುರಪುರದಾಗ ಇದ್ದು ಒಂಬತ್ತು, ಹತ್ತು ಮುಗಿಸು. ಅಲ್ಲಿಗೆ ಬಜಾರಿನ ಓಣಿ ಗೆದ್ದಂತೆ. ಮೊದಲು ಹೊಸ ಬಡಾವಣೆಯ ಮನೆಗೆ ಕರಾರು ಆಗಿಬಿಟ್ಟರೆ, ಆಮೇಲೆ ಮೇಲ್ ತೋರಿಸಿದರೆ, ಯಾರೂ ಹಿಂದೆ ಹೋಗಲು ಆಗುವುದಿಲ್ಲ. ಹೀಗೆ ಯೋಚಿಸಿ ನಾನು ಆ ಮೇಲನ್ನು ಫೋನಿನಲ್ಲೇ ಯಾರೂ ನೋಡದ ಒಂದು ಮೂಲೆಗೆ ಸರಿಸಿದೆ. ಅಳಿಸಲಿಲ್ಲ. ಅಷ್ಟು ಧೈರ್ಯ ನನಗಿಲ್ಲ.

ಆಮೇಲೆ ಅಮ್ಮಿ ಎದುರು ಮನೆಗೆ ಹೋದಾಗ ಅಬ್ಬಾಗೆ ಫೋನು ಮಾಡಿದೆ. ಮೇಲ್ ವಿಷಯ ಅವರಿಗೂ ಹೇಳಲಿಲ್ಲ.

"ಅಬ್ಬಾ, ಆ ಬಿಲ್ಡಿಂಗಿನ್ಯಾಗ ನಿಮಗ ಗುರುತಿನವರು ಯಾರೂ ಇಲ್ಲೇನ್ರಿ?"

"ನನ್ನ ಜೋಡಿ ಕೆಲಸ ಮಾಡಾಂವ ಒಬ್ಬ ಹೈದರಾಬಾದಿನಾಂವ ಇದ್ದಾನ. ಎರಡನೇ ಫ್ಲೋರು. ಹೆಂಡ್ತಿ, ಮಗಳು ಎಲ್ಲರೂ ಇದ್ದಾರ. ಯಾಕ?"

"ಆ ಆಂಟಿಗೆ ಹೇಳ್ರಿ. ಶುಕ್ರವಾರ ನೀವು ಬಡೀತೀರಿ, ಅವರು ಹೆಪ್ಪ ಕೊಡ್ತಾರ."

"ಆಕಿ ಒಬ್ಬಾಕಿ. ನಿಮ್ಮಮ್ಮಿಗಿ ಮೂರು ಮನಿ ಬೇಕಲ್ಲ?"

ಅದನ್ನೂ ನಾನು ಯೋಚಿಸಿದ್ದೆ. "ಬಾಗಿಲಾಗಿಂದ ಕೈ ಅಷ್ಟ ಹೊರಗ ಬರಲಿ. ಮಾರಿ ಯಾಕ ಬೇಕು? ಒಂದು ಬಾಗಿಲಾಗ ಕೊಟ್ಟು ಇನ್ನೊಂದಕ್ಕ ಹೋಗ್ಲಿ."

ನಮ್ಮ ಅಬ್ಬಾ ಸುಳ್ಳು ಹೇಳುವವರಲ್ಲ. ಆದರೆ ಆರು ವರ್ಷದಿಂದ ಒಂದು ರೂಮಿನಲ್ಲಿ ಏಳು ಜನರ ಜೊತೆ ಮಲಗುವವರು.

"ನಿಮ್ಮಮ್ಮಿ ಕಣ್ಣು ನಿನಗ ಗೊತ್ತಿಲ್ಲ," ಎಂದರು.

"ಫೋನ್ ಹಿಡಿಯಾಕಿ ನಾ ಅಲ್ಲೇನ್ರಿ?" ಎಂದೆ.

ಶುಕ್ರವಾರ ಬಂತು. ಈ ಸಲ ಅಲ್ಲಿಯ ಹೊತ್ತು ಐದೂವರೆ. ಬಿಸಿಲು ಇಳಿದಿತ್ತು, ಬೀದಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಅದನ್ನು ನಾನು ಏರ್ಪಾಡು ಮಾಡಿರಲಿಲ್ಲ, ಆದರೂ ಮೆಚ್ಚುಗೆ ನಾನೇ ತೆಗೆದುಕೊಂಡೆ. ವಾಚ್‌ಮನ್ ಕುರ್ಚಿಯಿಂದ ಎದ್ದು ಅಬ್ಬಾಗೆ ಸಲಾಮು ಹೊಡೆದ. ಹೈದರಾಬಾದಿನವರು ಅವನಿಗೆ ಹೇಳಿಟ್ಟಿದ್ದರು. ದಾದಿ, "ನೋಡು, ಹೋದ ವಾರ ಹಿಡಿದಾಂವ ಈ ವಾರ ಸಲಾಮ ಮಾಡ್ತಾನ," ಎಂದರು. ನಾನು ಫೋನನ್ನು ಅಮ್ಮಿಯಿಂದ ಒಂದು ಗೇಣು ದೂರ ಹಿಡಿದು ಬೇಕಂತಲೇ ಸ್ವಲ್ಪ ಅಲ್ಲಾಡಿಸುತ್ತಿದ್ದೆ.

ಮೊದಲ ಬಾಗಿಲು. ಅಬ್ಬಾ ಬಡಿದರು. ಬಾಗಿಲು ನಾಲ್ಕು ಬೆರಳು ತೆರೆಯಿತು. ಹಸಿರು ಬಳೆಯ ಕೈಯೊಂದು ಸ್ಟೀಲಿನ ಬಟ್ಟಲು ಚಾಚಿತು. "ಲೇಲೋ ಭಾಯಿ," ಎಂಬ ದನಿ. ಅಬ್ಬಾ ತಮ್ಮ ಬಟ್ಟಲಿಗೆ ಹಾಕಿಕೊಂಡು ಅದನ್ನು ವಾಪಸ್ಸು ಕೊಟ್ಟರು.

ಎರಡನೇ ಬಾಗಿಲಿಗೆ ಹೋಗುವ ಮೊದಲು ಅಬ್ಬಾ ನಡುವೆ ನಿಂತು ಒಂದು ಹೂಕುಂಡ ತೋರಿಸಿದರು. ಆ ಹೂಕುಂಡವನ್ನು ಅವರು ಎಷ್ಟು ಹೊತ್ತು ತೋರಿಸಿದರೆಂದರೆ, ಗಿಡ ಆ ಹೊತ್ತಿನಲ್ಲಿ ಒಂದು ಎಲೆ ಬಿಟ್ಟಿರಬೇಕು. ಹಿಂದೆ ಯಾರೋ ಓಡುವ ಚಪ್ಪಲಿಯ ಸದ್ದು ಕೇಳಿಸಿತು. ನಾನು ಜೋರಾಗಿ ಕೆಮ್ಮಿದೆ. ಎರಡನೇ ಬಾಗಿಲು ತೆರೆಯಿತು. ಹಸಿರು ಬಳೆ, ಸ್ಟೀಲಿನ ಬಟ್ಟಲು. ದನಿ ಮಾತ್ರ ಈ ಸಲ ಮುದುಕಿಯದು. ಬೇಕಂತ ನಡುಗಿಸಿದ ಮುದುಕಿಯ ದನಿ. ನನಗೆ ಆ ಆಂಟಿಯ ಮೇಲೆ ಅಲ್ಲಿಯೇ ಪ್ರೀತಿ ಹುಟ್ಟಿತು.

ಮೂರನೇ ಬಾಗಿಲಿಗೆ ಅಬ್ಬಾ ಇನ್ನೊಂದು ಹೂಕುಂಡ ಹುಡುಕಿದರು. ಇರಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೋರಿಸಿ, ಅದರ ಮೇಲಿನ ಅರಬ್ಬಿಯನ್ನು ನಿಧಾನವಾಗಿ ಓದಿದರು. ಅಬ್ಬಾಗೆ ಅರಬ್ಬಿ ಓದಲು ಅಷ್ಟೇನೂ ಬರುವುದಿಲ್ಲ. ನಂತರ ಬಾಗಿಲು ತೆರೆಯಿತು. ಕೈ ಬಂತು. ಬಳೆಗಳನ್ನು ಬಿಚ್ಚಿದ್ದರು, ಆದರೆ ಆಂಟಿ ಏದುಸಿರು ಬಿಡುತ್ತಿದ್ದದ್ದು ಶಹಾಪುರದವರೆಗೆ ಕೇಳಿಸಿತು.

"ಮೂರೂ ಕೊಟ್ಟರು!" ಎಂದು ನಾನು ಎದ್ದು ನಿಂತೆ. ತಮ್ಮ ಚಪ್ಪಾಳೆ ಹೊಡೆದ.

ಅಮ್ಮಿ ಕೇಳಿದ್ದು ಒಂದೇ. "ಆ ಕಡೀ ಮನಿ ಹೆಣ್ಣುಮಗಳ ನಂಬರ ತಗೊಂಡು ಕಳಿಸ್ರಿ. ಹೆಪ್ಪ ಕೊಟ್ಟಾಕಿಗಿ ನಾ ಒಂದು ಮಾತು ಹೇಳಬೇಕಲ್ಲ."

ಅಬ್ಬಾ ಆ ಆಂಟಿಯ ನಂಬರನ್ನೇ ಕಳಿಸಿದರು. ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಮ್ಮಿ ತಮ್ಮನನ್ನು ಕರೆದುಕೊಂಡು, ಫೋನನ್ನೂ ತೆಗೆದುಕೊಂಡು ಸುರಪುರದ ಬಸ್ಸು ಹತ್ತಿದರು. ನನ್ನನ್ನು ಕರೆಯಲಿಲ್ಲ. ಸಂಜೆ ತಿರುಗಿ ಬಂದ ಮೇಲೆ ತಮ್ಮ ನನಗೆ ಸುದ್ದಿ ಕೊಟ್ಟ.

"ಆಪಾ, ನಾನಿ ಅಲಮಾರಿ ಖಾಲಿ ಮಾಡಿದ್ರು. ಒಂದು ಖಾನೆ."

"ಯಾಕ?"

"ನಿನ್ನ ಬಟ್ಟಿ ಇಡಾಕ."

"ಯಾರು ಹೇಳಿದ್ರು?"

"ನಾನಿ. ನಿನ್ನ ಹಾಸಿಗಿ ಕಿಟಕಿ ಕಡಿಗಿ ಹಾಕ್ತಾರಂತ. ಗಾಳಿ ಬರ್ತದ ಅಲ್ಲಿ." ಅವನಿಗೆ ಅದು ಒಳ್ಳೆಯ ಸುದ್ದಿಯಾಗಿತ್ತು.

ಆ ದಿನ ನಾನು ಯಾರಿಗೂ ಏನೂ ದೊಡ್ಡದು ಮಾಡಿ ಹೇಳಲಿಲ್ಲ. ದಾದಿ ಹಣೆ ಮುಟ್ಟಿ ನೋಡಿದರು.

ಭಾನುವಾರ ಉತ್ತರ ಕಳಿಸುವ ಕೊನೆಯ ದಿನ. ಮಧ್ಯಾಹ್ನ ಅಮ್ಮಿ ಫೋನನ್ನು ಚಾರ್ಜಿಗೆ ಹಾಕಿ, ಬಜಾರಿಗೆ ಹೋಗಿ ಬರುತ್ತೇನೆ ಎಂದು ಹೊರಗೆ ಹೋದರು. ಅವರು ಓಣಿ ತಿರುಗುವುದನ್ನೇ ಕಾದಿದ್ದು ನಾನು ಅಬ್ಬಾಗೆ ಫೋನು ಮಾಡಿದೆ. ಅವರು ಯಾವುದೋ ಮಾಳಿಗೆಯ ಮೇಲೆ ಎ.ಸಿ. ಬಿಚ್ಚಿಟ್ಟುಕೊಂಡು ಕೂತಿದ್ದರು. ಮುಖದ ತುಂಬಾ ಧೂಳು.

"ಅಬ್ಬಾ, ಇವತ್ತ ಕರಾರು ಮಾಡ್ರಿ."

"ನಿಮ್ಮಮ್ಮಿ ಹೂಂ ಅಂದಾಳೇನು?"

"ಹೂಂ ಅಂದಂಗ."

"ಅಂದಾಳೋ, ಅಂದಂಗೋ?"

"ಅಬ್ಬಾ, ನೀವು ಸಹಿ ಮಾಡ್ರಿ, ಅಮ್ಮಿನ್ನ ನಾ ನೋಡ್ಕೋತೀನಿ. ಮೂರು ಮನಿಯವರು ಹೆಪ್ಪ ಕೊಟ್ಟಾರ, ಇನ್ನೇನು ಬೇಕು? ಅಮ್ಮಿಗಿ ಒಂದು ಚೂರೂ ಸಂಶಯ ಬಂದಿಲ್ಲ. ನಾ ಫೋನ ಹ್ಯಾಂಗ ಹಿಡಿದಿದ್ದೆ ಅಂದ್ರ…"

ಅಬ್ಬಾನ ಕಣ್ಣು ನನ್ನ ಮುಖದಿಂದ ಸರಿದು ನನ್ನ ತಲೆಯ ಮೇಲೆ ಎಲ್ಲೋ ನಿಂತಿತು. ಅವರು ನಿಧಾನವಾಗಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

ಅಮ್ಮಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಕಾಗದ. ಝೆರಾಕ್ಸ್ ಅಂಗಡಿಯವನು ಕಲರ್ ಪ್ರಿಂಟು ತೆಗೆದಿದ್ದ, ಶಾಲೆಯ ಲಾಂಛನ ನೀಲಿ, ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. ಪಾಸ್‌ವರ್ಡಿನ ಚೀಟಿ ಅವರ ಹತ್ತಿರವೇ ಇತ್ತು ಎಂಬುದು ನನಗೆ ಆಗ ನೆನಪಾಯಿತು.

"ಎಂಟನೇದು ಅಂತ ಬರದಾರ," ಎಂದರು. ಕಾಗದವನ್ನು ನನ್ನ ಮುಂದಿಟ್ಟರು.

"ಕರೆಂಟು ಹೋಗಿತ್ತು, ಅಮ್ಮಿ…"

"ಎರಡು ನಿಮಿಷ ಹೋಗಿತ್ತು. ನಾ ಮನ್ಯಾಗ ಇದ್ದೆ."

ಫೋನು ಅವರ ಕೈಗೆ ಹೋಯಿತು. ಅಬ್ಬಾ ಅಲ್ಲಿಂದ, "ಕೇಳು, ನನ್ನ ಮಾತು ಕೇಳು," ಎನ್ನುತ್ತಿದ್ದರು.

"ನೀವು ಸುಮ್ಮಿರ್ರಿ. ಮೂರು ಬಾಗಿಲಾಗೂ ಒಂದ ಕೈ. ಬಳಿ ತಗದ್ರೇನಾತು, ಹೆಬ್ಬೆರಳಿನ ಮ್ಯಾಲಿನ ಸುಟ್ಟ ಕಲೆ ತಗಿಯಾಕ ಬರ್ತದೇನು? ಆ ಹೈದರಾಬಾದಿನ ಅಕ್ಕಾರು ಎರಡ ಮಾತಿಗಿ ಒಪ್ಪಿಕೊಂಡ್ರು. ಎರಡು ದಿನ ಆತು, ನಾವಿಬ್ಬರೂ ಮಾತಾಡಾಕತ್ತು. ಅವರ ಮಗಳಿಗೂ ಆ ಶಾಲ್ಯಾಗ ಹಿಂಗ ಒಂದು ಕ್ಲಾಸ ಕೆಳಗ ಕೂಡಿಸಿದ್ರಂತ. ರಿಜಲ್ಟು ಬುಧವಾರನ ಮೇಲಿಗಿ ಬಂದಿರ್ತದ, ನೋಡ್ರಿ ಅಂತ ಇವತ್ತು ಮುಂಜಾನಿ ಅವರ ಹೇಳಿದ್ರು."

ಅಬ್ಬಾ ನನ್ನ ಕಡೆ ನೋಡಿದರು. "ಮೇಲ್ ಬಂದಿತ್ತೇನು?"

ನಾನು ಚಾಪೆಯ ಅಂಚು ನೋಡುತ್ತಿದ್ದೆ.

"ಹಂಗಾದ್ರ ಬಜಾರಿನ ಮನಿನ ಮಾಡೂನೇನು?" ಎಂದರು ಅಬ್ಬಾ. ದನಿ ಇಳಿದಿತ್ತು.

"ಯಾಕ? ಆ ಹೆಣ್ಣುಮಗಳು ಆ ಎರಡು ಬಾಗಿಲದಾಗ ಹ್ಯಾಂಗ ಹೋಗಿ ನಿಂತ್ಲು? ಅವು ಆಕಿ ಮನಿ ಏನು? ಒಂದು ಕೇರಳದವರ ಮನಿ, ಇನ್ನೊಂದು ಮಿಸ್ರ ಅಂದ್ರ ಈಜಿಪ್ತಿನವರ ಮನಿ. ಗುರುತಿಲ್ಲದ ಹುಡುಗಿ ಸಂಬಂಧ ನಿಮ್ಮ ಬಾಗಿಲಾಗ ನಿಂತು ನಾಟಕ ಮಾಡ್ತೀನಿ ಅಂದ್ಲಂತ, ಅವರು ನಕ್ಕೋತ ಒಳಗ ಕರದ್ರಂತ. ಒಂದು ಮನ್ಯಾಗ ಚಹಾನೂ ಕುಡದಾಳ. ಇನ್ನ ನನಗ ಹೆಪ್ಪ ಯಾಕ ಬೇಕು? ಮನಿ ಆ ಬಿಲ್ಡಿಂಗಿನ್ಯಾಗ ಇರ್ಲಿ. ಸಹಿ ಮಾಡ್ರಿ."

ನನ್ನ ಮುಖದಲ್ಲಿ ನಗು ಶುರುವಾಗಿರಬೇಕು. ಅಮ್ಮಿ ನನ್ನ ಕಡೆ ತಿರುಗಿದರು.

"ನೀ ನಗಬ್ಯಾಡ. ನಾನಿ ಮನ್ಯಾಗ ಖಾನೆ ಖಾಲಿ ಮಾಡಿಸಿ ಬಂದೀನಿ ನಾ. ನಿನ್ನ ವರ್ಷ ಉಳೀತದ ಅಲ್ಲಿದ್ರ. ಇಲ್ಲಂದ್ರ ಎಂಟನೇದಕ್ಕ ಕೂಡಬೇಕು, ನಿನಕಿನ ಸಣ್ಣ ಹುಡುಗ್ಯಾರ ಜೋಡಿ. ಹೇಳು. ಯಾವುದು?"

ನನಗೆ ಹೇಳಲಿಕ್ಕೆ ಬಹಳ ಚೆಂದದ ಮಾತುಗಳಿದ್ದವು. ಎಂಟನೇ ಕ್ಲಾಸಿಗೆ ನಾನು ಕೂಡುವವಳೇ ಅಲ್ಲ ಎಂದು ಹೇಳಬಹುದಿತ್ತು. ಸುರಪುರದಲ್ಲಿ ಇದ್ದು ರಾಜ್ಯಕ್ಕೇ ಮೊದಲು ಬರುತ್ತೇನೆ, ಆಮೇಲೆ ಆ ಶಾಲೆಯವರೇ ಬಂದು ಕರೆಯಲಿ ಎಂದು ಹೇಳಬಹುದಿತ್ತು. "ನಾ ಇಲ್ಲೇ ಇರ್ತೀನಿ ತಗೋ," ಎಂದೂ ಬಾಯಿಗೆ ಬಂತು. ಅರ್ಧ ಹೊರಗೂ ಬಿತ್ತು.

"ಇರ್ತಿಯೇನು?" ಎಂದರು ಅಮ್ಮಿ. ಸಿಟ್ಟಿನಿಂದ ಅಲ್ಲ. ಕೇಳುವ ಹಾಗೆ ಕೇಳಿದರು.

ಫೋನಿನಲ್ಲಿ ಅಬ್ಬಾ ಧೂಳಿನ ಮುಖ ಒರೆಸಿಕೊಳ್ಳುವುದನ್ನೂ ನಿಲ್ಲಿಸಿ ಕೂತಿದ್ದರು. ದಾದಿ ಅಡಿಕೆ ಕತ್ತರಿಸುವುದು ನಿಂತಿತು.

"ಇಲ್ಲ," ಎಂದೆ.

"ಏನಿಲ್ಲ?"

"ಇರೂದಿಲ್ಲ. ನಿಮ್ಮ ಜೋಡಿ ಬರ್ತೀನಿ."

"ಎಂಟನೇದಕ್ಕ?"

"ಹೂಂ."

ಅಮ್ಮಿ ನನ್ನ ಎದುರು ಚಾಪೆಯ ಮೇಲೆ ಕೂತರು. ಫೋನು ಕೈಗೆ ಕೊಟ್ಟರು, ಆದರೆ ಒಂದು ತುದಿಯನ್ನು ತಾವೇ ಹಿಡಿದುಕೊಂಡರು. "ಹಂಗಾದ್ರ ಬರಿ. ನಾ ಹೇಳಿದಂಗ ಬರಿ, ನಿಂದು ಒಂದು ಅಕ್ಷರ ಸೇರಿಸಬ್ಯಾಡ. ಎಂಟನೇ ತರಗತಿಗೆ ನಮ್ಮ ಒಪ್ಪಿಗೆ ಅದ. ಗಣಿತ ಸಾಲದು ಅಂತ ನಮಗೂ ಗೊತ್ತದ."

ನಾನು ಬರೆದೆ.